ಒಂದು ನದಿ, ಎರಡು ಬಾಳ್ವೆ

ಬೆಳಗಿನ ಆರು ಗಂಟೆಯ ಹೊತ್ತಿಗೆ ನೊಂಗ್ ಖಾಯ್ ಪಟ್ಟಣದ ನದೀತೀರ ಎಚ್ಚೆತ್ತಿರುತ್ತದೆ. ಕಾವಿ ತೊಟ್ಟ ಭಿಕ್ಷುಗಳು ಬರಿಗಾಲಿನಲ್ಲಿ ಸಾಲಾಗಿ ಬರುವರು. ಮನೆಗಳ ಮುಂದೆ ಮಂಡಿಯೂರಿ ಕುಳಿತ ಹೆಂಗಸರು ಬಿದಿರಿನ ಪುಟ್ಟ ಬುಟ್ಟಿಯಿಂದ ಇನ್ನೂ ಬಿಸಿಯಾರದ ಅಂಟಕ್ಕಿಯ ಅನ್ನವನ್ನು ತುತ್ತು ತುತ್ತಾಗಿ ತೆಗೆದು ಅವರ ಪಾತ್ರೆಗಳಲ್ಲಿ ಇಡುವರು. ಮಾತಿಲ್ಲ, ಗದ್ದಲವಿಲ್ಲ. ಭಿಕ್ಷುಗಳು ಹರಸಿ ಮುಂದೆ ಸಾಗುತ್ತಾರೆ. ಹೆಂಗಸರು ಚಾಪೆ ಸುತ್ತಿಕೊಂಡು ಒಳಗೆ ಹೋಗುತ್ತಾರೆ.

ಅದೇ ಹೊತ್ತಿಗೆ ನದಿಯ ಆಚೆ ದಡದಲ್ಲಿಯೂ ಇದೇ ದೃಶ್ಯ. ಅದೇ ಕಾವಿ, ಅದೇ ಬಿದಿರಿನ ಬುಟ್ಟಿ, ಅದೇ ಅಂಟಕ್ಕಿಯ ಅನ್ನ. ನಡುವೆ ಹರಿಯುವುದು ಒಂದು ಕಿಲೋಮೀಟರಿಗೂ ಕಡಿಮೆ ಅಗಲದ ಕೆಂಪು ಮಿಶ್ರಿತ ನೀರು. ಟಿಬೆಟ್ಟಿನ ಎತ್ತರದಲ್ಲಿ ಹುಟ್ಟಿ, ಆರು ದೇಶಗಳನ್ನು ಮುಟ್ಟಿ, ವಿಯೆಟ್ನಾಮಿನ ದಕ್ಷಿಣದಲ್ಲಿ ಕಡಲನ್ನು ಸೇರುವ ಮೆಕಾಂಗ್ ನದಿ ಇದು. ಈಚೆಯ ದಡ ಥಾಯ್ಲೆಂಡಿನದು, ಆಚೆಯದು ಲಾವೋಸಿನದು. ಎರಡೂ ಮುಂದುವರಿಯುತ್ತಿರುವ ರಾಷ್ಟ್ರಗಳೆಂದೇ ಲೆಕ್ಕ. ಆದರೆ ಒಂದೇ ಬಗೆಯಾಗಿ ಕಾಣುವ ಈ ಎರಡು ಬೆಳಗುಗಳ ಹಿಂದೆ ಇರುವ ಬಾಳ್ವೆ ಒಂದೇ ಅಲ್ಲ. ಥಾಯ್ಲೆಂಡಿನಲ್ಲಿ ಇಂದು ಹುಟ್ಟುವ ಮಗು ಸರಾಸರಿ 76 ವರ್ಷ ಬಾಳುವುದೆಂಬ ನಿರೀಕ್ಷೆಯಿದೆ. ಲಾವೋಸಿನಲ್ಲಿ ಹುಟ್ಟುವ ಮಗು ಸುಮಾರು 69 ವರ್ಷ. ಒಂದು ದೋಣಿಯ ದಾರಿಯಷ್ಟು ಅಂತರದಲ್ಲಿ ಮನುಷ್ಯನ ಆಯುಷ್ಯ ಏಳು ವರ್ಷ ಕುಗ್ಗುವುದೆಂದರೆ ಅದಕ್ಕೆ ಕಾರಣವೇನು ಎಂದು ಯಾರಾದರೂ ಕೇಳಬೇಕಾದದ್ದೇ.

ಈಶಾನ್ಯದ ಜನ

ಮೊದಲು ಹೇಳಬೇಕಾದ ಸಂಗತಿಯೆಂದರೆ, ಈ ಎರಡು ದಡಗಳ ಜನ ಬೇರೆ ಬೇರೆಯವರಲ್ಲ. ನೊಂಗ್ ಖಾಯ್ ಇರುವ ಪ್ರಾಂತಕ್ಕೆ ಈಸಾನ್ ಎಂದು ಹೆಸರು. ಕನ್ನಡಿಗರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ನಮ್ಮ ಈಶಾನ್ಯವೇ. ಥಾಯ್ಲೆಂಡಿನ ಈಶಾನ್ಯ ಮೂಲೆಯ ಈ ಬಯಲುಸೀಮೆಯಲ್ಲಿ ಎರಡು ಕೋಟಿಗೂ ಮಿಕ್ಕಿ ಜನರಿದ್ದಾರೆ. ಅವರಲ್ಲಿ ಬಹುಪಾಲು ಮಂದಿಯ ಮನೆಮಾತು ಲಾವೋ ನುಡಿಯೇ. ಲಾವೋಸ್ ದೇಶದ ಒಟ್ಟು ಜನಸಂಖ್ಯೆ ಮುಕ್ಕಾಲು ಕೋಟಿಯ ಆಸುಪಾಸು. ಆದುದರಿಂದ ಲಾವೋ ಮಾತನಾಡುವವರು ಲಾವೋಸಿನಲ್ಲಿ ಇರುವುದಕ್ಕಿಂತ ಥಾಯ್ಲೆಂಡಿನಲ್ಲಿ ಹಲವು ಪಟ್ಟು ಹೆಚ್ಚಾಗಿದ್ದಾರೆ ಎಂಬ ಸೋಜಿಗ ಇಲ್ಲಿದೆ.

ಊಟ ಒಂದೇ: ಅಂಟಕ್ಕಿಯ ಅನ್ನ, ಮರದ ಒರಳಿನಲ್ಲಿಯೋ ಮಣ್ಣಿನ ಒರಳಿನಲ್ಲಿಯೋ ಕುಟ್ಟಿದ ಖಾರವಾದ ಪರಂಗಿಕಾಯಿಯ ಕೋಸಂಬರಿ, ಹುಳಿಯಿಟ್ಟ ಮೀನು. ವಾದ್ಯ ಒಂದೇ: ಬಿದಿರಿನ ಕೊಳವೆಗಳನ್ನು ಜೋಡಿಸಿ ಬಾಯಿಯಿಂದ ಊದುವ ಖಾಯೆನ್. ಕಥೆಯೂ ಒಂದೇ, ರಾಮ ಲಕ್ಷ್ಮಣರ ಕಥೆಯನ್ನು ಲಾವೋ ಜನ ಫ್ರಾ ಲಕ್ ಫ್ರಾ ಲಾಮ್ ಎಂದು ಹೇಳಿಕೊಂಡರೆ, ಥಾಯ್ ಜನ ರಾಮಕಿಯೆನ್ ಎನ್ನುವರು. ನದಿಯ ಆಳದಲ್ಲಿ ನಾಗನು ವಾಸವಾಗಿದ್ದಾನೆಂಬ ನಂಬಿಕೆ ಎರಡೂ ದಡಗಳಲ್ಲಿ ಅಚಲವಾಗಿದೆ.

ಹೀಗಿದ್ದೂ ನದಿ ಗಡಿಯಾದದ್ದು ಇತಿಹಾಸದ ದೆಸೆಯಿಂದ. ಆಚೆ ದಡದಲ್ಲಿರುವ ವಿಯೆಂಟಿಯೇನ್ ನಗರ ಹಿಂದೆ ಲಾವೋ ಅರಸರ ರಾಜಧಾನಿ. ಸ್ಥಳೀಯರು ಅದನ್ನು ವಿಯೆಂಗ್ ಚಾನ್ ಎನ್ನುತ್ತಾರೆ. ಚಂದನದ ನಗರ ಎಂಬ ಅರ್ಥ ಹೇಳುವುದು ರೂಢಿ. ಬ್ಯಾಂಕಾಕಿನ ಅರಮನೆಯ ಗುಡಿಯಲ್ಲಿ ಇಂದು ಲೋಕವೆಲ್ಲ ನೋಡಲು ಬರುವ ಹಸಿರು ಬುದ್ಧವಿಗ್ರಹ ಹದಿನೆಂಟನೆಯ ಶತಮಾನದಲ್ಲಿ ಈ ನಗರದಿಂದಲೇ ಯುದ್ಧದ ಕೊಳ್ಳೆಯಾಗಿ ಹೋದದ್ದು. 1827ರಲ್ಲಿ ಲಾವೋ ಅರಸ ಅನುವೊಂಗ್ ಸಿಯಾಮಿನ ವಿರುದ್ಧ ದಂಗೆಯೆದ್ದು ಸೋತಾಗ, ಸಿಯಾಮಿನ ಸೇನೆ ವಿಯೆಂಟಿಯೇನನ್ನು ಸುಟ್ಟು ಹಾಳುಗೆಡವಿ, ಅಲ್ಲಿಯ ಜನರನ್ನು ಗುಂಪುಗುಂಪಾಗಿ ಈಚೆ ದಡಕ್ಕೆ ಅಟ್ಟಿತು. ನೊಂಗ್ ಖಾಯ್ ಪಟ್ಟಣ ತಲೆಯೆತ್ತಿದ್ದೂ ಆ ಯುದ್ಧದ ಬೆನ್ನಿಗೇ. ಮುಂದೆ 1893ರಲ್ಲಿ ಫ್ರೆಂಚರು ಸಿಯಾಮಿನ ಮೇಲೆ ಒತ್ತಡ ಹೇರಿ ಎಡದಂಡೆಯನ್ನೆಲ್ಲ ತಮ್ಮದಾಗಿಸಿಕೊಂಡರು. ಅಂದಿನಿಂದ ಅಣ್ಣ ಒಂದು ರಾಜ್ಯದ ಪ್ರಜೆ, ತಮ್ಮ ಇನ್ನೊಂದು ರಾಜ್ಯದ ಪ್ರಜೆ.

ಮಿತ್ರಭಾವದ ಸೇತುವೆ

ಈ ನದಿಗೆ ಇಲ್ಲಿ ಸೇತುವೆಯೆಂಬುದು ಬಂದದ್ದು 1994ರ ಏಪ್ರಿಲಿನಲ್ಲಿ. ಆಸ್ಟ್ರೇಲಿಯಾ ಸರ್ಕಾರದ ಹಣದಿಂದ ಕಟ್ಟಿದ ಈ ಸೇತುವೆಯ ಉದ್ದ ಸುಮಾರು 1,170 ಮೀಟರ್. ಇದಕ್ಕೆ ಇಟ್ಟ ಹೆಸರು ಮಿತ್ತಫಾಪ್. ಅದೂ ನಮಗೆ ಪರಿಚಿತವಾದ ಮಾತೇ, ಮಿತ್ರಭಾವ. ಸೇತುವೆಯ ನಡುವೆ ಒಂದು ರೈಲುಹಳಿಯಿದೆ. 2009ರಲ್ಲಿ ಅದರ ಮೇಲೆ ಮೊದಲ ರೈಲು ಓಡಿತು. 2024ರ ಜುಲೈ ತಿಂಗಳಿಂದ ಬ್ಯಾಂಕಾಕಿನಲ್ಲಿ ರಾತ್ರಿ ಹತ್ತಿದವರು ಮರುದಿನ ವಿಯೆಂಟಿಯೇನಿನ ಅಂಚಿನಲ್ಲಿ ಇಳಿಯಬಹುದಾಗಿದೆ.

ಸೇತುವೆಯ ಲಾವೋಸ್ ಕೊನೆಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಥಾಯ್ಲೆಂಡಿನಲ್ಲಿ ನಮ್ಮಂತೆಯೇ ವಾಹನಗಳು ರಸ್ತೆಯ ಎಡಗಡೆ ಓಡುತ್ತವೆ. ಲಾವೋಸಿನಲ್ಲಿ, ಫ್ರೆಂಚರು ಕಲಿಸಿದಂತೆ, ಬಲಗಡೆ. ಆದುದರಿಂದ ಸೇತುವೆ ದಾಟಿದ ಬಸ್ಸು ದೀಪದ ಸನ್ನೆಗೆ ಕಾದು, ಮೆಲ್ಲಗೆ ಪಕ್ಕ ಬದಲಾಯಿಸುತ್ತದೆ. ಕಿಟಕಿಯ ಬಳಿ ಕುಳಿತ ಪ್ರವಾಸಿಗೆ ಇದು ತಮಾಷೆ. ಆದರೆ ಅದೇ ಬಸ್ಸಿನಲ್ಲಿ ತಮಾಷೆಗೆಂದು ಬಾರದವರೂ ಇರುತ್ತಾರೆ. ಬೆಳಿಗ್ಗೆ ಥಾಯ್ಲೆಂಡಿನ ಕಡೆಗೆ ಬರುವ ಬಸ್ಸುಗಳಲ್ಲಿ ಸಾಬೂನು, ಹಾಲಿನ ಪುಡಿ, ಸೈಕಲ್ ಟೈರು ಕೊಳ್ಳಲು ಬರುವವರ ನಡುವೆ, ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡ ತಾಯಿಯೋ, ಮುದುಕ ತಂದೆಯ ತೋಳು ಹಿಡಿದ ಮಗನೋ ಕಾಣಸಿಗುವುದುಂಟು. ಅವರು ಹೊರಟಿರುವುದು ನೊಂಗ್ ಖಾಯಿಯ ಆಸ್ಪತ್ರೆಗೆ; ಕಾಯಿಲೆ ದೊಡ್ಡದಾದರೆ ಅಲ್ಲಿಂದ ಇನ್ನೂ ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ಉಡೋನ್ ಥಾನಿಗೆ.

ಎರಡು ದೇಶಗಳ ಬಾಳ್ವೆಯನ್ನು ತೂಗಿ ನೋಡಬೇಕೆನ್ನುವವರು ಅಂಗಡಿ ಬೀದಿಗಳನ್ನು ನೋಡಿದರೆ ಸಾಲದು. ಮಗುವಿಗೆ ಮೈ ಸುಟ್ಟಾಗ ತಾಯಿ ಯಾವ ದಿಕ್ಕಿಗೆ ಓಡುತ್ತಾಳೆ ಎಂಬುದನ್ನು ನೋಡಬೇಕು. ಈ ಸೇತುವೆಯ ಮೇಲೆ ಕಾಯಿಲೆಯವರು ದಾಟುವುದು ಹೆಚ್ಚಾಗಿ ಒಂದೇ ದಿಕ್ಕಿಗೆ.

ಮೂವತ್ತು ಬಾಹ್ತಿನ ಚಿಕಿತ್ಸೆ

ಈಸಾನ್ ಪ್ರಾಂತ ಯಾವಾಗಲೂ ಹೀಗಿರಲಿಲ್ಲ. ಮಳೆ ನೆಚ್ಚಿದ ಬೇಸಾಯ, ಉಪ್ಪು ಮಣ್ಣು, ವರ್ಷ ಬಿಟ್ಟು ವರ್ಷ ಬರ. ಥಾಯ್ಲೆಂಡಿನಲ್ಲಿ ಅತ್ಯಂತ ಬಡ ಸೀಮೆಯೆಂದು ಅದು ಹಿಂದೆ ಹೆಸರಾಗಿತ್ತು, ಇಂದಿಗೂ ಆ ದೇಶದ ಉಳಿದ ಭಾಗಗಳಿಗಿಂತ ಹಿಂದೆಯೇ ಇದೆ. ಆದರೂ ಒಂದು ವಿಷಯದಲ್ಲಿ ಸರ್ಕಾರ ಹಟ ಹಿಡಿದು ನಡೆಯಿತು. 1970ರ ದಶಕದಿಂದ ಜಿಲ್ಲೆ ಜಿಲ್ಲೆಗೂ ಸಣ್ಣ ಆಸ್ಪತ್ರೆಗಳನ್ನು ಕಟ್ಟುತ್ತ ಬಂದಿತು. ಸರ್ಕಾರದ ಖರ್ಚಿನಲ್ಲಿ ಓದಿದ ವೈದ್ಯರು ಕೆಲವು ವರ್ಷ ಹಳ್ಳಿಗಾಡಿನಲ್ಲಿ ದುಡಿಯಲೇಬೇಕೆಂಬ ಕಟ್ಟಳೆ ಮಾಡಿತು. ಊರೂರಿನಲ್ಲಿ ಆರೋಗ್ಯ ಸ್ವಯಂಸೇವಕರನ್ನು ತಯಾರು ಮಾಡಿತು. ಇಂದು ಅವರ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ. ನೆರೆಮನೆಯ ಹೆಂಗಸೇ ಬಂದು ರಕ್ತದ ಒತ್ತಡ ನೋಡಿ, ಬಸುರಿಗೆ ಆಸ್ಪತ್ರೆಯ ದಿನವನ್ನು ನೆನಪು ಮಾಡಿ ಹೋಗುತ್ತಾಳೆ.

ಈ ಅಡಿಪಾಯದ ಮೇಲೆ 2002ರಲ್ಲಿ ಮಹತ್ತ್ವದ ಒಂದು ಶಾಸನ ಬಂದಿತು. ಸರ್ಕಾರಿ ನೌಕರಿಯಾಗಲಿ, ಕಾರ್ಖಾನೆಯ ಸಂಬಳವಾಗಲಿ ಇಲ್ಲದ ರೈತನೂ ಕೂಲಿಯೂ ಒಂದು ಭೇಟಿಗೆ ಮೂವತ್ತು ಬಾಹ್ತ್ ಕೊಟ್ಟರೆ ಚಿಕಿತ್ಸೆ ದೊರೆಯಬೇಕೆಂದು ಗೊತ್ತಾಯಿತು. ಮೂವತ್ತು ಬಾಹ್ತ್ ಎಂದರೆ ಅಂದು ಬೀದಿಯ ಅಂಗಡಿಯಲ್ಲಿ ಒಂದು ಹೊತ್ತಿನ ಊಟದ ಬೆಲೆಯಾಗಿತ್ತು. ಎಮ್ಮೆ ಮಾರಿ, ಗದ್ದೆ ಒತ್ತೆಯಿಟ್ಟು ಔಷಧ ತರುವ ಕಾಲ ಬಹಳ ಮನೆಗಳಿಗೆ ಅಂದಿಗೆ ಮುಗಿಯಿತು.

ಆಚೆ ದಡದಲ್ಲಿ ಲಾವೋಸ್ ಸುಮ್ಮನೆ ಕುಳಿತಿಲ್ಲ. 1990ರಲ್ಲಿ ಅಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 150 ಮಕ್ಕಳು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಈಗ ಆ ಸಂಖ್ಯೆ 40ರ ಆಸುಪಾಸಿಗೆ ಇಳಿದಿದೆ. ಮುಪ್ಪತ್ತು ವರ್ಷಗಳಲ್ಲಿ ಇದು ಸಣ್ಣ ಸಾಧನೆಯಲ್ಲ. 2016ರಿಂದ ಅಲ್ಲಿಯೂ ತೆರಿಗೆಯ ಹಣದಿಂದ ನಡೆಯುವ ಆರೋಗ್ಯ ವಿಮೆ ಜಾರಿಗೆ ಬಂದಿದೆ. ಹೆರಿಗೆಗೂ ಚಿಕ್ಕ ಮಕ್ಕಳಿಗೂ ಶುಲ್ಕವಿಲ್ಲ. ಆದರೆ ಥಾಯ್ಲೆಂಡಿನಲ್ಲಿ ಆ 40ರ ಸ್ಥಾನದಲ್ಲಿರುವುದು ಹತ್ತಕ್ಕೂ ಕಡಿಮೆ. ಲಕ್ಷ ಹೆರಿಗೆಗಳಲ್ಲಿ ಪ್ರಾಣ ಕಳೆದುಕೊಳ್ಳುವ ತಾಯಂದಿರು ಅಲ್ಲಿ ಮೂವತ್ತರ ಆಸುಪಾಸು. ಲಾವೋಸಿನಲ್ಲಿ ನೂರಕ್ಕೂ ಮೇಲು. 2017ರ ಸಮೀಕ್ಷೆಯೊಂದರಲ್ಲಿ, ಲಾವೋಸಿನ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಒಬ್ಬರ ಬೆಳವಣಿಗೆ ಪೋಷಣೆಯ ಕೊರತೆಯಿಂದ ಕುಂಠಿತವಾಗಿತ್ತು. ವಿಮೆಯ ಕಾಗದ ಊರಿಗೆ ಬಂದರೂ ವೈದ್ಯನೂ ಔಷಧವೂ ಬಾರದಿದ್ದರೆ, ಕಾಗದ ಹಿಡಿದವರು ಸೇತುವೆಯ ಕಡೆಗೇ ನೋಡಬೇಕಾಗುತ್ತದೆ.

ಒಂದೇ ಯುದ್ಧ, ಎರಡು ಫಲ

ಹಾಗಾದರೆ ಲಾವೋ ಜನ ಸೋಮಾರಿಗಳೇ? ಅವರ ಸರ್ಕಾರಕ್ಕೆ ಮನಸ್ಸಿಲ್ಲವೇ? ಹೀಗೆ ತೀರ್ಪು ಕೊಡುವ ಮೊದಲು ಎರಡೂ ದೇಶಗಳಿಗೆ ದೊರೆತ ಪಾಲನ್ನು ನೋಡಬೇಕು. ಥಾಯ್ಲೆಂಡಿಗೆ ಎರಡು ಕಡೆ ಕಡಲು, ಮಧ್ಯದಲ್ಲಿ ಭತ್ತದ ಕಣಜದಂಥ ಬಯಲು, ಪರಕೀಯರ ವಸಾಹತು ಎಂದೂ ಆಗದ ಭಾಗ್ಯ. ಲಾವೋಸಿಗೆ ಕಡಲಿಲ್ಲ, ನೆಲದ ಬಹುಭಾಗ ಗುಡ್ಡಬೆಟ್ಟ. ಒಂದು ಮೂಟೆ ಕಾಫಿಯನ್ನು ಹೊರದೇಶಕ್ಕೆ ಕಳುಹಿಸಬೇಕಾದರೂ ನೆರೆಯವರ ಬಾಗಿಲು ತಟ್ಟಬೇಕು.

ಇವೆಲ್ಲಕ್ಕಿಂತ ಘೋರವಾದದ್ದು ಯುದ್ಧ. 1954ರ ಜಿನೀವಾ ಒಪ್ಪಂದದ ಮೇರೆಗೆ ಲಾವೋಸಿನಲ್ಲಿ ಶಾಂತಿಯ ಮೇಲ್ವಿಚಾರಣೆಗೆ ಒಂದು ಅಂತರರಾಷ್ಟ್ರೀಯ ಆಯೋಗ ನೇಮಕವಾಯಿತು. ಕೆನಡಾ, ಪೋಲೆಂಡುಗಳೊಡನೆ ಕುಳಿತ ಆ ಆಯೋಗಕ್ಕೆ ಅಧ್ಯಕ್ಷತೆ ಭಾರತದ್ದು. ಆದರೆ ಆಯೋಗದ ಕಣ್ಣೆದುರಿನಲ್ಲೇ ಶಾಂತಿ ಮುರಿಯಿತು. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಈ ಪುಟ್ಟ ದೇಶದ ಮೇಲೆ ಇಪ್ಪತ್ತು ಲಕ್ಷ ಟನ್ನಿಗೂ ಮಿಕ್ಕಿ ಬಾಂಬು ಸುರಿದವು. ಅವುಗಳಲ್ಲಿ ಚೆಂಡಿನ ಗಾತ್ರದ ಮರಿಬಾಂಬುಗಳೇ 27 ಕೋಟಿ ಎಂದು ಅಂದಾಜು. ಸುಮಾರು ಎಂಟು ಕೋಟಿ ಆಗ ಸಿಡಿಯದೆ ಮಣ್ಣಿನಲ್ಲಿ ಹುದುಗಿದವು. ಯುದ್ಧ ಮುಗಿದ ಮೇಲೂ ನೇಗಿಲು ತಗುಲಿ, ಗುದ್ದಲಿ ತಗುಲಿ, ಮಕ್ಕಳು ಆಟದ ಚೆಂಡೆಂದು ಎತ್ತಿಕೊಂಡು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಅಂಗ ಕಳೆದುಕೊಂಡರು. ವಿಯೆಂಟಿಯೇನಿನಲ್ಲಿ ಅಂಥವರಿಗೆ ಕೃತಕ ಕೈಕಾಲು ಜೋಡಿಸುವ ಕೇಂದ್ರವೊಂದಿದೆ. ಅಲ್ಲಿ ಹಳೆಯ ಮರದ ಕಾಲುಗಳನ್ನು ನೇತುಹಾಕಿರುವುದನ್ನು ಪ್ರವಾಸಿಗಳು ಮಾತಿಲ್ಲದೆ ನೋಡಿ ಬರುತ್ತಾರೆ. ಭೂಮಿಯನ್ನು ಅಗೆಯಲು ಅಂಜಬೇಕಾದ ರೈತ ಎಷ್ಟು ಬೆಳೆದಾನು?

ಆ ವಿಮಾನಗಳಲ್ಲಿ ಹಲವು ಹಾರಿದ್ದು ಎಲ್ಲಿಂದ? ಈಚೆ ದಡದ ಉಡೋನ್ ಥಾನಿಯ ನೆಲೆಯಿಂದ. ಅದೇ ಕಾಲದಲ್ಲಿ ಅಮೆರಿಕದ ನೆರವಿನಿಂದ ಬ್ಯಾಂಕಾಕಿನ ಕಡೆಯಿಂದ ಈಸಾನಿಗೆ ಹೆದ್ದಾರಿ ಬಂದಿತು. ಅದಕ್ಕೂ ಮಿತ್ರಭಾವವೆಂದೇ ಹೆಸರು. ದಾರಿಯ ಜೊತೆಗೆ ವ್ಯಾಪಾರ ಬಂದಿತು, ಹಣ ಬಂದಿತು. ಒಂದೇ ಯುದ್ಧ ಬಲದಂಡೆಗೆ ರಸ್ತೆಯನ್ನು ಕೊಟ್ಟು ಎಡದಂಡೆಗೆ ಗುಂಡಿಗಳನ್ನು ಕೊಟ್ಟಿತು. 1975ರಲ್ಲಿ ಲಾವೋಸಿನಲ್ಲಿ ಕಮ್ಯೂನಿಸ್ಟರ ಆಡಳಿತ ಬಂದಾಗ, ಜನಸಂಖ್ಯೆಯ ಹತ್ತರಲ್ಲಿ ಒಂದು ಪಾಲು ಈ ನದಿಯನ್ನು ದಾಟಿ ಹೊರಟುಹೋಯಿತು. ಹೋದವರಲ್ಲಿ ವೈದ್ಯರು, ಉಪಾಧ್ಯಾಯರು, ಎಂಜಿನಿಯರುಗಳು ಬಹಳ. ದೇಶ ಕಟ್ಟಬೇಕಾದ ಕೈಗಳೇ ಇಲ್ಲವಾದವು.

ಸಿರಿಯ ದಡದ ಕೊರತೆ

ಇಷ್ಟು ಓದಿದವರು ಈಚೆ ದಡದಲ್ಲಿ ಎಲ್ಲವೂ ಸೊಗಸೆಂದು ತಿಳಿಯಬಾರದು. 2023ರ ಲೆಕ್ಕದಂತೆ ಥಾಯ್ಲೆಂಡಿನ ತಲಾ ಆದಾಯ ವರ್ಷಕ್ಕೆ ಸುಮಾರು ಏಳು ಸಾವಿರ ಡಾಲರು, ಲಾವೋಸಿನದು ಎರಡು ಸಾವಿರ. ಆದರೆ ಈಸಾನಿನ ಹಳ್ಳಿಗೆ ಹಗಲು ಹೊತ್ತಿನಲ್ಲಿ ಹೋದವರಿಗೆ ಕಾಣುವುದು ಮುದುಕರು ಮತ್ತು ಮಕ್ಕಳು. ನಡುಪ್ರಾಯದವರು ಬ್ಯಾಂಕಾಕಿನಲ್ಲಿ ಟ್ಯಾಕ್ಸಿ ಓಡಿಸುತ್ತಿರುತ್ತಾರೆ, ಕಾರ್ಖಾನೆಯಲ್ಲಿ ದುಡಿಯುತ್ತಿರುತ್ತಾರೆ, ಇಲ್ಲವೆ ಕಡಲಾಚೆ ಇರುತ್ತಾರೆ. 2023ರ ಅಕ್ಟೋಬರಿನಲ್ಲಿ ಇಸ್ರೇಲಿನಲ್ಲಿ ನಡೆದ ದಾಳಿಯಲ್ಲಿ ಹತರಾದ ಮತ್ತು ಸೆರೆಸಿಕ್ಕ ಥಾಯ್ ಕೃಷಿ ಕೂಲಿಗಳಲ್ಲಿ ಬಹುಮಂದಿ ಇದೇ ಸೀಮೆಯವರು. ಮೊಮ್ಮಕ್ಕಳನ್ನು ಸಾಕುವ ಅಜ್ಜಿಗೆ ತಿಂಗಳು ತಿಂಗಳೂ ಹಣ ಬರುತ್ತದೆ. ಮಗಳು ಬರುವುದು ಏಪ್ರಿಲಿನ ಹೊಸವರ್ಷಕ್ಕೆ, ನಾಲ್ಕು ದಿನ. ದೇಶದ ಐದರಲ್ಲಿ ಒಬ್ಬರಿಗೆ ಅರವತ್ತು ಮೀರಿದೆ. ಹುಟ್ಟುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ.

ಲಾವೋಸಿನಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಎಲ್ಲಿ ನೋಡಿದರೂ ಎಳೆಯ ಮುಖಗಳು. ವಿಯೆಂಟಿಯೇನ್ ರಾಜಧಾನಿಯೆಂದು ನಂಬಲಾಗದಷ್ಟು ನಿಧಾನದ ಊರು. ಸಂಜೆಯಾದರೆ ಸಂಸಾರಕ್ಕೆ ಸಂಸಾರವೇ ನದಿಯ ದಂಡೆಗೆ ಬಂದು ಕೂರುತ್ತದೆ. ಈ ನೆಮ್ಮದಿಯನ್ನು ಕಂಡ ಹೊರಗಿನವರು, ಹಣವಿಲ್ಲದಿದ್ದರೇನು, ಸುಖವಿದೆಯಲ್ಲ ಎಂದು ಬರೆಯುವುದುಂಟು. ಆದರೆ ಆ ದಂಡೆಯಲ್ಲಿ ಕುಳಿತ ಯುವಕನನ್ನು ಕೇಳಿದರೆ ಅವನ ಕಣ್ಣು ಆಚೆ ದಡದ ದೀಪಗಳ ಮೇಲಿರುತ್ತದೆ. ಮನೆಯಲ್ಲಿ ನೋಡುವ ದೂರದರ್ಶನ ಥಾಯ್ಲೆಂಡಿನದು. ಮಾತು ಸಲೀಸಾಗಿ ತಿಳಿಯುತ್ತದೆ. ಅಲ್ಲಿಯ ಕೂಲಿ ಹೆಚ್ಚು. ಲಾವೋಸಿನ ಹಣವಾದ ಕಿಪ್ ಕುಸಿದು, 2023ರ ಫೆಬ್ರವರಿಯಲ್ಲಿ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇಕಡಾ 41ರಷ್ಟು ಏರಿದ್ದಾಗ, ಶಾಲೆ ಬಿಟ್ಟು ನದಿ ದಾಟಿದ ಹುಡುಗ ಹುಡುಗಿಯರು ಬಹಳ. ಈಸಾನಿನವರು ಬ್ಯಾಂಕಾಕಿಗೆ ಹೋದರೆ, ಅವರು ಬಿಟ್ಟ ಕೆಲಸಕ್ಕೆ ಲಾವೋಸಿನವರು ಬರುತ್ತಾರೆ.

ನದಿ ದಾಟಿ ಬರುವುದು ಕೂಲಿಗಳು ಮಾತ್ರವಲ್ಲ, ವಿದ್ಯುತ್ತೂ ಹೌದು. ಲಾವೋಸಿನ ಬೆಟ್ಟದ ಹೊಳೆಗಳಿಗೆ ಕಟ್ಟಿದ ಅಣೆಕಟ್ಟುಗಳ ವಿದ್ಯುತ್ತು, 1971ರಲ್ಲಿ ನಾಮ್ ಙುಮ್ ಜಲಾಶಯ ಆರಂಭವಾದಂದಿನಿಂದಲೂ, ಥಾಯ್ಲೆಂಡಿಗೆ ಮಾರಾಟವಾಗುತ್ತ ಬಂದಿದೆ. ನೊಂಗ್ ಖಾಯಿಯ ಅಂಗಡಿಗಳ ಝಗಝಗಿಸುವ ಬೆಳಕಿನಲ್ಲಿ ಆಚೆ ದಡದ ಬೆಟ್ಟದ ನೀರಿನ ಪಾಲೂ ಉಂಟು. ಅಣೆಕಟ್ಟುಗಳಿಗೂ, ಚೀನದ ಗಡಿಯಿಂದ ವಿಯೆಂಟಿಯೇನಿಗೆ 2021ರ ಡಿಸೆಂಬರಿನಲ್ಲಿ ಆರಂಭವಾದ ಹೊಸ ರೈಲುದಾರಿಗೂ ತಂದ ಸಾಲ ದೇಶದ ತಲೆಯ ಮೇಲೆ ಭಾರವಾಗಿ ಕುಳಿತಿದೆ. ಸಾಲ ತೀರಿಸಲು ಹೋದ ಹಣ ಆಸ್ಪತ್ರೆಗೂ ಶಾಲೆಗೂ ಬಾರದು.

ಒಬ್ಬನ ಎರಡು ತೋಟಗಳು

ಈ ಎರಡು ದಡಗಳ ಕಥೆಯನ್ನು ಒಬ್ಬನೇ ಮನುಷ್ಯ ತನ್ನ ಬಾಳಿನಲ್ಲಿ ಬಾಳಿದ್ದಾನೆ. ಬುನ್‌ಲುವಾ ಸುಲಿಲಾತ್ ಎಂಬ ಸಾಧಕ 1958ರಲ್ಲಿ ವಿಯೆಂಟಿಯೇನಿಗೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ನದಿಯ ದಂಡೆಯ ಮೇಲೆ ಸಿಮೆಂಟಿನ ಮೂರ್ತಿಗಳ ತೋಟವೊಂದನ್ನು ಆರಂಭಿಸಿದ. ಮಲಗಿದ ಮಹಾಬುದ್ಧನ ಸುತ್ತ ಅಲ್ಲಿ ವಿಷ್ಣು, ಶಿವ ಮೊದಲಾದ ನಮ್ಮ ದೇವತೆಗಳೂ ನಿಂತಿದ್ದಾರೆ. 1975ರಲ್ಲಿ ಆಡಳಿತ ಬದಲಾದಾಗ ಅವನೂ ನದಿ ದಾಟಿದ. ನೊಂಗ್ ಖಾಯಿಯ ಹೊರವಲಯದಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿ ಇನ್ನೊಂದು ತೋಟ ಕಟ್ಟಿದ. 1996ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದ. ಎರಡನೆಯ ತೋಟದ ಮೂರ್ತಿಗಳು ಮೊದಲನೆಯವಕ್ಕಿಂತ ಎತ್ತರ. ಏಳು ಹೆಡೆಯ ನಾಗನ ನೆರಳಿನಲ್ಲಿ ಕುಳಿತ ಬುದ್ಧ ಮರಗಳ ಮೇಲೆ ತಲೆಯೆತ್ತಿ ನಿಂತಿದೆ. ಕೈ ಅದೇ, ಭಕ್ತಿ ಅದೇ, ಸಿಮೆಂಟೂ ಅದೇ. ಈಚೆ ದಡದಲ್ಲಿ ಆ ಕೈಗೆ ಇಪ್ಪತ್ತು ವರ್ಷ ಕೆಲಸ ಮಾಡುವ ಅವಕಾಶ ದೊರೆಯಿತು.

ಎರಡು ದೇಶಗಳ ಹೋಲಿಕೆಯೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಜನರ ಗುಣದಲ್ಲಿ, ಬುದ್ಧಿಯಲ್ಲಿ, ದುಡಿಮೆಯಲ್ಲಿ ಒಂದು ದಡ ಮೇಲು, ಒಂದು ದಡ ಕೀಳು ಎಂಬುದಿಲ್ಲ. ನಿಲ್ಲಲು ನೆಲವೂ ಕಾಯಿಲೆಗೆ ಆಸರೆಯೂ ದೊರೆತ ಕಡೆ ಅದೇ ಜನ ಏಳು ವರ್ಷ ಹೆಚ್ಚು ಬಾಳುತ್ತಾರೆ.

ಸಂಜೆ ಐದರ ಹೊತ್ತಿಗೆ ಸೇತುವೆಯ ಬಸ್ಸು ಲಾವೋಸಿನ ಕಡೆಗೆ ಹಿಂದಿರುಗುತ್ತದೆ. ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಬಂದಿದ್ದ ತಾಯಂದಿರು ಅದರಲ್ಲಿ ಮರಳುತ್ತಾರೆ. ಆಸ್ಪತ್ರೆಯ ದಾದಿಗೆ ಅವರ ಮಾತು ಚೆನ್ನಾಗಿ ತಿಳಿದಿತ್ತು, ಏಕೆಂದರೆ ಅವಳ ಮನೆಮಾತೂ ಅದೇ. ಆದರೆ ಮೂವತ್ತು ಬಾಹ್ತಿನ ಸೌಲಭ್ಯ ಥಾಯ್ ಪ್ರಜೆಗಳಿಗೆ ಮಾತ್ರ. ಆಚೆಯಿಂದ ಬಂದವರು ಪೂರ್ತಿ ಹಣ ಕೊಡಬೇಕು. ಹಲವರ ಮನೆಯಲ್ಲಿ ಅದು ತಿಂಗಳ ಸಂಪಾದನೆ. ಹಣವಿದ್ದವರು ಬಂದಿದ್ದರು, ಇಲ್ಲದವರು ಬರಲೇ ಇಲ್ಲ, ಅವರನ್ನು ಈ ಬಸ್ಸಿನಲ್ಲಿ ಯಾರೂ ಕಾಣಲಾರರು. ಸೇತುವೆ ಮುಗಿದೊಡನೆ ಬಸ್ಸು ಒಂದು ಗಳಿಗೆ ನಿಂತು ರಸ್ತೆಯ ಬಲಕ್ಕೆ ಹೊರಳುತ್ತದೆ. ತಾಯಿ ನಿದ್ದೆಹೋದ ಮಗುವಿನ ಹಣೆ ಮುಟ್ಟಿ ನೋಡಿ, ಔಷಧದ ಪೊಟ್ಟಣವನ್ನು ಚೀಲದೊಳಕ್ಕೆ ಇನ್ನಷ್ಟು ಆಳಕ್ಕೆ ತಳ್ಳುತ್ತಾಳೆ. ಆ ಪೊಟ್ಟಣ ಅವಳ ಊರಿನಲ್ಲಿಯೇ ಸಿಗುವ ದಿನ ಬಂದಾಗ, ಈ ಸೇತುವೆಗೆ ಇಟ್ಟ ಹೆಸರು ಸಾರ್ಥಕವಾಗಿ, ಜನ ಇದನ್ನು ಬರಿಯ ನಂಟರ ಮನೆಗೆ ಹೋಗಿಬರಲು ದಾಟುವರು.